ವಿಭೂತಿ ಹಚ್ಚಿದ ಡಿಸ್ಕು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದು ಸುಲಭ. ಚಿಕ್ಕಂದಿನಲ್ಲಿ ಅಕ್ಕನ ಜಡೆಯ ಮೇಲಿತ್ತು. ಶಾಲೆಯಲ್ಲಿ ಕನ್ನಡ ಕಲಿಸುವಾಗ ಪಕ್ಕದ ಸೆಕ್ಷನ್ನಿನ ಗಣಿತದ ಮೇಡಂ ಮೇಲಿತ್ತು. ರಿಟೈರ್ ಆದ ಮೇಲೆ ಯಾರ ಮೇಲೂ ಇಲ್ಲದೆ ಆರಾಮಾಗಿದ್ದೆ. ಆಗ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಆಕೆ ಬಾಡಿಗೆಗೆ ಬಂದಳು. ಬಹುವಚನ ಕೊಡಬೇಕೆಂದು ಗೊತ್ತು. ಬರೆಯಲು ಕೈ ಏಳುವುದಿಲ್ಲ.

ನಾವಿರುವುದು ಜೆ.ಪಿ. ನಗರದ ಏಳನೇ ಫೇಸಿನಲ್ಲಿ, ಪುಟ್ಟೇನಹಳ್ಳಿ ಕೆರೆಗೆ ನಡೆದೇ ಹೋಗುವಷ್ಟು ಹತ್ತಿರ. ನಮ್ಮ ಬಾಲ್ಕನಿಯಲ್ಲಿ ನಿಂತರೆ ಕೆರೆಯ ಗೇಟಿನವರೆಗೆ ರಸ್ತೆ ಕಾಣುತ್ತದೆ. ಈ ಬಾಲ್ಕನಿ ಇಲ್ಲದಿದ್ದರೆ ನನ್ನ ಅರ್ಧ ಸಂಕಟ ಇರುತ್ತಿರಲಿಲ್ಲ.

ನಮ್ಮನೆಯವರು ಬ್ಯಾಂಕಿನಲ್ಲಿದ್ದವರು. ಅವರಿಗೆ ಹಕ್ಕಿಯ ಹುಚ್ಚು. ಭಾನುವಾರ ಬಂತೆಂದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಕೆರೆ ಕಟ್ಟೆಗಳ ಮೇಲೆ ಇರುತ್ತಿದ್ದರು. ಒಮ್ಮೆ ಕಂಪ್ಯೂಟರ್ ಕೆಟ್ಟು ಮಗಳ ಶಾಲೆಯ ದಿನಗಳ ಫೋಟೋಗಳೆಲ್ಲ ಹೋದವು. ಆ ದುಃಖಕ್ಕೆ ಒಂದು ಪುಟ್ಟ ಡಬ್ಬಿ ತಂದು ಅದರೊಳಗೆ ಎರಡು ಡಿಸ್ಕು ಕೂರಿಸಿದರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನೇ ಬರೆದುಕೊಳ್ಳುತ್ತದೆ, ಕನ್ನಡಿಯ ಹಾಗೆ, ಒಂದು ಸತ್ತರೆ ಇನ್ನೊಂದು ಇರುತ್ತದೆ ಎಂದು ನನಗೆ ವಿವರಿಸಿದರು. "ಗಂಡ ಹೆಂಡ್ತಿ ಇದ್ದ ಹಾಗೆ" ಎಂದು ನಕ್ಕರು. ನಾನು ಹೇಳಿದ್ದು ನಿಮಗೆ ಯಾವತ್ತು ನಾಟಿದೆ ಎಂದು ನಾನೂ ನಕ್ಕೆ.

ರಿಟೈರ್ ಆದ ಮೇಲೆ ಕ್ಯಾಮೆರಾ ಭಾರವಾಯಿತೆಂದು ಬದಿಗಿಟ್ಟು, ಅಂಗೈಯಗಲದ ಒಂದು ರೆಕಾರ್ಡರ್ ಕೊಂಡರು. ಇನ್ನು ಮೇಲೆ ಹಕ್ಕಿಯ ಚಿತ್ರ ಬೇಡ, ದನಿ ಸಾಕು ಎಂದರು. ಆ ರೆಕಾರ್ಡರ್ ಬಂದದ್ದು ಆಯುಧಪೂಜೆಗೆ ಮುಂಚೆ.

ಆಯುಧಪೂಜೆಯ ವಿಷಯದಲ್ಲಿ ನಾನು ನನ್ನ ತೌರಿನವಳು. ನಮ್ಮಪ್ಪನದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಪೂಜೆಯ ದಿನ ತಕ್ಕಡಿಯನ್ನು ಇದ್ದ ಹಾಗೆ ಪೂಜಿಸುತ್ತಿರಲಿಲ್ಲ. ತಟ್ಟೆ ಬಿಚ್ಚಿ, ಸರಪಳಿ ಬಿಚ್ಚಿ, ಒರೆಸಿ, ಮಣೆಯ ಮೇಲೆ ಇಟ್ಟು ವಿಭೂತಿ ಹಚ್ಚಬೇಕು. ಮಾರನೆಯ ದಿನ ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಜೋಡಿಸುವಂತಿಲ್ಲ. ಒಂದು ದಿನ ಅದೂ ಸುಧಾರಿಸಿಕೊಳ್ಳಲಿ ಎನ್ನುತ್ತಿದ್ದರು ಅಪ್ಪ. ಹೀಗಾಗಿ ಆ ವರ್ಷ ನಾನು ಮಿಕ್ಸಿಯ ಜಾರು, ಕುಕ್ಕರು, ಸ್ಕೂಟರಿನ ಕೀ, ಹೊಸ ರೆಕಾರ್ಡರು ಎಲ್ಲದರ ಜೊತೆಗೆ ಡಿಸ್ಕಿನ ಡಬ್ಬಿಯನ್ನೂ ತೆರೆದೆ. ಒಂದು ಸುಲಭವಾಗಿ ಹೊರಗೆ ಬಂತು, ಇನ್ನೊಂದು ಬಿಗಿಯಾಗಿತ್ತು. ಬಂದದ್ದನ್ನೇ ಮಣೆಯ ಮೇಲಿಟ್ಟು ಮೂರು ಬೆರಳಲ್ಲಿ ವಿಭೂತಿ ಎಳೆದು, ಸೇವಂತಿಗೆ ಮುಡಿಸಿದೆ. ಇವರು ನೋಡಿ, "ಅಯ್ಯೋ ಅದನ್ಯಾಕೆ ಕಿತ್ತೆ? ಸರಿ, ಪೂಜೆ ಮುಗಿದ್ಮೇಲೆ ಒಳಗೆ ಹಾಕ್ಬಿಡು" ಎಂದರು, ಅಷ್ಟೆ.

ಮಾರನೆಯ ಬೆಳಿಗ್ಗೆ ತಡೆಯಲಾರದೆ ಹೊಸ ರೆಕಾರ್ಡರನ್ನು ಮಣೆಯ ಮೇಲಿಂದ ಎತ್ತಿಕೊಂಡು ಕೆರೆಗೆ ಹೋದರು. ಬಂದು ಕಂಪ್ಯೂಟರ್ ಹಾಕಿ ಮೊದಲ ದನಿಗಳನ್ನು ತುಂಬಿಸಿದರು. ತೆರೆಯ ಮೂಲೆಯಲ್ಲಿ ಹಳದಿ ಗುರುತೊಂದು ಬಂದು ಏನೋ ಎಚ್ಚರಿಸಿತಂತೆ, ಒತ್ತಿ ಮುಚ್ಚಿದರಂತೆ. ಮಧ್ಯಾಹ್ನ ಮಂಗಳಾರತಿಯಾದ ಮೇಲೆ ನಾನು ಡಿಸ್ಕನ್ನು ಒಳಗೆ ದೂಡಿದೆ, ಟಕ್ ಎಂದು ಕೂತಿತು. ಇಬ್ಬರೂ ನಮ್ಮ ನಮ್ಮ ಕೆಲಸ ಆಯಿತೆಂದುಕೊಂಡೆವು.

ಆಕೆ ಬಂದದ್ದು ಅದಾದ ಮೇಲೆ, ದೀಪಾವಳಿಯ ಸುಮಾರಿಗೆ, ಬಿ.ಟಿ.ಎಂ. ಲೇಔಟಿನಿಂದ. ಯಾವುದೋ ಕಾಲೇಜಿನ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದು ರಿಟೈರ್ ಆದವಳು, ಒಂಟಿ. ಕತ್ತರಿಸಿದ ಕೂದಲು, ಬಣ್ಣ ಹಚ್ಚದ ನರೆ, ಇಸ್ತ್ರಿ ಮಾಡಿದ ಕಾಟನ್ ಕುರ್ತಾ. ತಿಂಗಳಿಗೊಮ್ಮೆ ಡೈ ಹಚ್ಚಿಕೊಂಡು ಕೂರುವ ನನಗೆ ಆ ನರೆಯೇ ಮೊದಲ ಪೆಟ್ಟು. ಎಷ್ಟು ಚೆನ್ನಾಗಿತ್ತು ಅದು! ಲಿಫ್ಟಿನಲ್ಲಿ ಸಿಕ್ಕಿ, "ನಮಸ್ಕಾರ ಅಕ್ಕ" ಎಂದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು, ಅದಕ್ಕೆ ಅಕ್ಕನೇ? ಇವರನ್ನು ಮಾತ್ರ "ಸಾರ್" ಎಂದು ಕರೆದಳು. ಸಾರ್‌ಗೆ ಹಕ್ಕಿ ಇಷ್ಟ ಎಂದು ವಾಚ್‌ಮನ್ ಹೇಳಿದ್ದನಂತೆ. ತನಗೂ ಇಷ್ಟವಂತೆ.

ಮುಗಿಯಿತು. ಮಾರನೆಯ ವಾರದಿಂದಲೇ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೆರೆಗೆ.

ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ ನೋಡುತ್ತಿದ್ದೆ. ಬಟ್ಟೆ ಇಲ್ಲದ ದಿನವೂ ಹರವುತ್ತಿದ್ದೆ. ಗೇಟು ದಾಟುತ್ತಿದ್ದ ಹಾಗೆ ಆಕೆ ಎಡಕ್ಕಿದ್ದರೆ ಇವರು ನಿಂತು, ಹಿಂದಿನಿಂದ ಸುತ್ತಿ ಬಂದು, ಆಕೆಯನ್ನು ತಮ್ಮ ಬಲಕ್ಕೆ ಮಾಡಿಕೊಳ್ಳುತ್ತಿದ್ದರು. ಒಂದು ದಿನ ಅಲ್ಲ, ದಿನವೂ. ಸ್ಕೂಟರುಗಳು ಬರುವುದು ಎಡಗಡೆ, ಆಕೆಗೆ ತಾಗದಿರಲಿ ಎಂದು ಈ ಉಪಚಾರ ಎಂದುಕೊಂಡೆ. ಹುಣಸೆ ಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ ಎಂದು ಸುಮ್ಮನೆ ಹೇಳಿದ್ದಾರೆಯೇ? ನನ್ನನ್ನು ಮದುವೆಯ ಮಣೆಯಲ್ಲಿ ಎಡಕ್ಕೆ ಕೂರಿಸಿದ್ದು, ಇವತ್ತಿಗೂ ಎಡವೇ. ಪೂಜೆಗೆ ಕೂತರೂ ಎಡ, ಫೋಟೋಕ್ಕೆ ನಿಂತರೂ ಎಡ, ಆಟೋದಲ್ಲೂ ಎಡ. ಹೆಂಡತಿಯ ಜಾಗ ಅದು. ಆ ಕಡೆಯಿಂದ ಯಾವ ಸ್ಕೂಟರ್ ಬಂದು ನನಗೆ ಗುದ್ದೀತೆಂದು ಇವರು ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ.

ಮನೆಯಲ್ಲಿ ನೋಡಿದರೆ ನನ್ನ ಮಾತಿಗೆ ಕಿಮ್ಮತ್ತೇ ಇಲ್ಲ. ಕೊತ್ತಂಬರಿ ತನ್ನಿ ಎಂದರೆ ಸುಮ್ಮನೆ ಹೋಗಿಬಿಡುವುದು. ಏನೋ ಹೇಳಿದರೆ ಸುಮ್ಮನೆ ನಗುವುದು. ತರಗತಿಯ ಕೊನೆಯ ಬೆಂಚಿಗೆ ಕೇಳಿಸಿ ಅಭ್ಯಾಸವಾದ ಗಂಟಲು ನನ್ನದು, ಜೋರಾಗಿ ಕಿರುಚಿದರೆ ಮಾತ್ರ "ಆಂ?" ಎನ್ನುತ್ತಿದ್ದರು. ಆಕೆ ಪಿಸುಗುಟ್ಟಿದರೂ ತಲೆಯಾಡಿಸುತ್ತಾರಲ್ಲ ಎಂದು ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಹಾಗಾದರೆ ಏನು ಮಾತಾಡುತ್ತಾರೆ ಇವರು? ರೆಕಾರ್ಡರ್ ಅಷ್ಟು ಹೊತ್ತೂ ಓಡುತ್ತಿರುತ್ತದಲ್ಲ! ಈ ಯೋಚನೆ ಬಂದಾಗ ನಾನು ದೋಸೆ ಹುಯ್ಯುತ್ತಿದ್ದೆ, ದೋಸೆ ಸೀದುಹೋಯಿತು. ಸುಬ್ರಹ್ಮಣ್ಯಪುರದಲ್ಲಿರುವ ಮಗಳು ನನ್ನ ವಚನದ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕುವುದನ್ನು ಕಲಿಸಿಕೊಟ್ಟಿದ್ದಳು. ಅದೇ ವಿದ್ಯೆ ಸಾಕಾಯಿತು. ಭಾನುವಾರ ಇವರು ಜಯನಗರದ ಕಾಂಪ್ಲೆಕ್ಸಿಗೆ ಹಣ್ಣು ತರಲು ಹೋದಾಗ ಕಂಪ್ಯೂಟರ್ ಹಾಕಿ, ಆ ವಾರದ ದನಿಗಳನ್ನೆಲ್ಲ ನನ್ನ ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತಿದ್ದೆ. ಮೊದಲ ಸಲ ಹಳೆಯದನ್ನೂ ಸೇರಿಸಿ ಇಳಿಸಿಕೊಂಡಿದ್ದೆ, ಒಂದೂ ಬಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಪುಟ್ಟ ಸ್ಪೀಕರ್ ಇದೆ. ಅವರು ಕೆರೆಯಲ್ಲಿರುವಾಗ ಹಿಂದಿನ ವಾರದ ಕೆರೆ ನನ್ನ ಅಡುಗೆಮನೆಯಲ್ಲಿ.

ಏನಿತ್ತು ಅದರಲ್ಲಿ? ಚಪ್ಪಲಿಯ ಸದ್ದು, ಕೆಮ್ಮು, ಕೆಂಬೂತ, ನೀರಿಗೆ ಬಿದ್ದ ಮಿಂಚುಳ್ಳಿ. ಆಕೆಯ ದನಿ, "ಸಾರ್, ಸೂರಕ್ಕಿ. ಮೇಲ್ಗಡೆ ಕೊಂಬೆ." ಮತ್ತೆ, "ಸಾರ್, ಬದನಿಕೆ ಹಕ್ಕಿ, ಚಿಕ್ ಚಿಕ್ ಅಂತಿದೆ ನೋಡಿ." ಇಷ್ಟೇ. ಪ್ರೇಮವಿದ್ದರೆ ಜಗಳವಾದರೂ ಆಡಬಹುದಿತ್ತು. ಆಡಲೂ ಏನೂ ಸಿಗದ ಸಿಟ್ಟಿನಲ್ಲಿ ವಾರದಿಂದ ವಾರಕ್ಕೆ ಕೇಳುತ್ತ ಹೋದೆ, ಕೇಳಿ ಕೇಳಿ ಸೂರಕ್ಕಿ ಯಾವುದು ಟುವ್ವಿ ಯಾವುದು ಎಂದು ನನಗೇ ಗುರುತು ಸಿಗುವಂತಾಯಿತು.

ಒಂದು ದಿನ, ಬೇಳೆ ತೊಳೆಯುತ್ತಿದ್ದಾಗ, ಸ್ಪೀಕರಿನಲ್ಲಿ ಇವರ ದನಿ ಬಂತು. "ನಿಮಗೊಬ್ರಿಗೇ ಹೇಳ್ತಿರೋದು ಮೇಡಂ. ಸಣ್ಣ ಹಕ್ಕಿಗಳು ಯಾವುದೂ ನನಗೆ ಈಗ ಕೇಳಿಸ್ತಿಲ್ಲ. ಎಡಗಿವಿ ಅಂತೂ ಹೋದ ಹಾಗೇನೆ. ಬಲಗಿವೀನೂ ಹೋಗೋಕೆ ಮುಂಚೆ ಎಲ್ಲಾನೂ ತುಂಬಿಟ್ಕೊಂಡುಬಿಡೋಣ ಅಂತ. ಸ್ಪೀಡ್ ಕಮ್ಮಿ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿದ್ರೆ ಇನ್ನೂ ಸ್ವಲ್ಪ ಸಿಗತ್ತೆ."

ಆಕೆ, "ಮನೇಲಿ ಹೇಳಿದೀರಾ ಸಾರ್?" ಎಂದಳು.

"ಇಲ್ಲ. ಅವಳ ಮುಂದೆ ಕಿವುಡ ಆಗೋಕೆ ಮನಸ್ಸಿಲ್ಲ."

ನಂಬಲಿಲ್ಲ ನಾನು. ಮಾರನೆಯ ದಿನ ಇವರು ಕೆರೆಯಿಂದ ಬಂದು ಹಾಲ್‌ನಲ್ಲಿ ಕೂತಾಗ, ಬೇಕೆಂದೇ ಸೂರಕ್ಕಿಯ ದನಿ ಹಾಕಿದೆ, ಜೋರಾಗಿ. ಇವರದೇ ರೆಕಾರ್ಡಿಂಗು, ಇವರಿಂದ ಕದ್ದದ್ದು. ಹಕ್ಕಿ ಅಡುಗೆಮನೆ ತುಂಬ ಕೂಗಿತು. ಇವರು ಪೇಪರಿನ ಪುಟ ತಿರುಗಿಸಿ, "ಕಾಫಿ ಇದೆಯಾ?" ಎಂದರು.

ಅಳು ಬಂತು, ನಿಜ. ಆದರೆ ಅಳುವಿಗಿಂತ ಮೊದಲು ಬಂದದ್ದು ಅದೇ ಹಾಳು ಹೊಟ್ಟೆಕಿಚ್ಚು. ಕಿವಿ ಹೋಗುತ್ತಿದೆ ಎಂದು ಹೇಳಿದ್ದು ಆಕೆಗೆ! ನಿನ್ನೆ ಮೊನ್ನೆ ಬಂದವಳಿಗೆ! ಬೇರೆ ಏನಾದರೂ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ನಾನಾಗಿ ಕೇಳಿದರೆ ಕದ್ದು ಕೇಳಿಸಿಕೊಂಡದ್ದು ಹೊರಬೀಳುತ್ತದೆ. ಬಾಯಿ ಹೊಲಿದುಕೊಂಡು ಮೊದಲಿಗಿಂತ ಜೋರಾಗಿ ಪಾತ್ರೆ ಕುಕ್ಕಿದೆ.

ಹೀಗಿರುವಾಗ ಮತ್ತೊಂದು ದಸರಾ ಕಳೆಯಿತು. ಇವರು ಕೀಳಬೇಡ ಎಂದದ್ದಕ್ಕೆ ಆ ಸಲ ಡಬ್ಬಿಗೆ ಹೊರಗಿನಿಂದಲೇ ಹೂವಿಟ್ಟಿದ್ದೆ. ಹಳೆಯ ವಿಂಡೋಸ್‌ಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ, ನಮ್ಮ ಹಳೆಯ ಕಂಪ್ಯೂಟರಿಗೆ ಹೊಸದು ಹಿಡಿಸುವುದಿಲ್ಲ ಎಂದಾಯಿತು. ಆಕೆ ಲಿನಕ್ಸ್ ಎನ್ನುವ ಬೇರೆ ಸಿಸ್ಟಮ್ ಬಳಸುವವಳು. "ಡಿಸ್ಕ್ ಎರಡೂ ತನ್ನಿ ಸಾರ್, ನಾನು ಅದಕ್ಕೆ ಬದಲಾಯಿಸಿ ಕೊಡ್ತೀನಿ" ಎಂದಳು. ನಮ್ಮ ಹಾಲ್‌ನಲ್ಲೇ ಕೂತು, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತ ವಿವರಿಸಿದಳು. ಮೊದಲು ಒಂದು ಡಿಸ್ಕನ್ನು ಪೂರ್ತಿ ಅಳಿಸಿ ಹೊಸ ಸಿಸ್ಟಮ್‌ಗೆ ಅರ್ಥವಾಗುವ ಹಾಗೆ ಸಿದ್ಧ ಮಾಡುವುದು. ಎರಡನೆಯದರಿಂದ ಎಲ್ಲವನ್ನೂ ಅದಕ್ಕೆ ತುಂಬುವುದು. ತುಂಬಿದ ಮೇಲೆ ಎರಡನೆಯದನ್ನೂ ಅಳಿಸಿ ಜೊತೆಗೆ ಕೂರಿಸಿದರೆ ಮತ್ತೆ ಕನ್ನಡಿ.

"ಎರಡರಲ್ಲೂ ಒಂದೇ ಇದೆ ಅಂತ ನೋಡಿದೀರಾ ಸಾರ್?"

"ಕನ್ನಡಿ ಮೇಡಂ ಅದು, ನೋಡೋದೇನಿದೆ?" ಎಂದರು ಇವರು.

ಡಬ್ಬಿ ತೆರೆದರು. ಒಂದರ ಮೈಮೇಲೆ ನನ್ನ ಮೂರು ಬೆರಳಿನ ವಿಭೂತಿ ಹಾಗೇ ಒಣಗಿಕೊಂಡಿತ್ತು. "ಇದಕ್ಕೆ ನೀನೇ ವಿಭೂತಿ ಹಚ್ಚಿದೀಯಲ್ಲ, ಇದು ನಿನ್ನ ಹತ್ರಾನೇ ಇರಲಿ, ಜೋಪಾನ" ಎಂದು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಆಕೆಗೆ ಕೊಟ್ಟರು. ಒಂದು ನನಗೆ, ಒಂದು ಆಕೆಗೆ! ಪಾಲು ಹಂಚಿದ ಹಾಗಿತ್ತು. ನನ್ನದನ್ನು ರೇಷ್ಮೆ ಸೀರೆಗಳ ನಡುವೆ ಇಟ್ಟು ಬೀರುವಿಗೆ ಬೀಗ ಹಾಕಿದೆ. ಮೂರನೇ ಮಹಡಿಗೆ ಹೋದ ಡಿಸ್ಕಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತೆಂದರೆ ನನ್ನ ಸ್ಥಿತಿ ನೀವೇ ಲೆಕ್ಕ ಹಾಕಿ.

ಆಕೆ ತನ್ನದನ್ನು ಅಳಿಸಿದಳು. ಎರಡು ದಿನ ಬಿಟ್ಟು ನನ್ನದನ್ನು ಕೇಳಿದಳು. ನಾನೇ ತೆಗೆದುಕೊಂಡು ಹೋದೆ, ಇವರ ಜೊತೆ. ಸಿಕ್ಕಿಸಿದಾಗ ಹಳೆಯ ಫೋಟೋಗಳು ಸಾಲಾಗಿ ಬಂದವು, ಸರಿಯಿದೆ ಎಂದು ತುಂಬಲು ಬಿಟ್ಟಳು. ಸಂಜೆ ಮುಗಿದ ಮೇಲೆ ಇವರು ದನಿಗಳ ಫೋಲ್ಡರ್ ತೆಗೆಯಲು ಹೋದರೆ ಫೋಲ್ಡರೇ ಇಲ್ಲ.

ಆಕೆ ಹುಡುಕಿದಳು. ಕೊನೆಗೆ ಕನ್ನಡಕ ತೆಗೆದು, "ಸಾರ್, ಇದರಲ್ಲಿ ಎಲ್ಲಾ ಹೋದ ವರ್ಷದ ಆಯುಧಪೂಜೆಗೇ ನಿಂತುಹೋಗಿದೆ" ಎಂದಳು.

ಆಗ ಮೂವರಿಗೂ ತಿಳಿಯಿತು. ವಿಭೂತಿಯ ಡಿಸ್ಕು ಮಣೆಯ ಮೇಲೆ ಸುಧಾರಿಸಿಕೊಳ್ಳುತ್ತಿದ್ದಾಗ ಇನ್ನೊಂದು ಒಂಟಿಯಾಗಿ ಕೆಲಸ ಶುರುಮಾಡಿತ್ತು. ಮತ್ತೆ ಒಳಗೆ ದೂಡಿದರೆ ತಾನೇ ಜೋಡಿಯಾಗುತ್ತದೆಂದು ಇವರು ತಿಳಿದಿದ್ದರು. ಆಗಿರಲಿಲ್ಲ. ಇಡೀ ವರ್ಷ ಅಕ್ಕಪಕ್ಕ ಕೂತಿದ್ದೂ ಒಂದಕ್ಕೆ ಇನ್ನೊಂದರ ಸುದ್ದಿ ಇರಲಿಲ್ಲ. ಚಿತ್ರಗಳೆಲ್ಲ ಇದ್ದವು. ದನಿ ಒಂದೂ ಇರಲಿಲ್ಲ. ಕನ್ನಡಿಯನ್ನು ನಂಬಿ ರೆಕಾರ್ಡರಿನ ಕಾರ್ಡನ್ನು ಇವರು ಪ್ರತಿ ವಾರ ಖಾಲಿ ಮಾಡುತ್ತಿದ್ದರು.

"ನಾನೇ ಅಳಿಸಿದ್ದು" ಎಂದು ಆಕೆ ಮತ್ತೆ ಮತ್ತೆ ಹೇಳಿದಳು. ಅಳಿಸಿದ್ದನ್ನು ಮರಳಿ ತರಲು ಏನೇನೋ ಓಡಿಸಿ ನೋಡಿದಳು. ಅದರ ಮೇಲೆ ಫೋಟೋ ತುಂಬಿಯಾಗಿತ್ತು, ಏನೂ ಸಿಗಲಿಲ್ಲ.

ನನಗೆ ಹೇಗಾಯಿತು? ಹಾಲು ಕುಡಿದಷ್ಟು ಸಂತೋಷವಾಯಿತು. ಆಕೆ ಬಂದ ವರ್ಷವನ್ನು ಆಕೆಯೇ ತನ್ನ ಕೈಯಾರೆ ಒರೆಸಿಹಾಕಿದ್ದಳು, ಅದೂ ನಾನು ಹಚ್ಚಿದ ವಿಭೂತಿಯ ದೆಸೆಯಿಂದ. ಶಿವ ಇದ್ದಾನೆ ಎಂದುಕೊಂಡು ಮನೆಗೆ ಬಂದು ಶ್ಯಾವಿಗೆ ಪಾಯಸಕ್ಕೆ ಇಟ್ಟೆ. ಗೋಡಂಬಿ ಹುರಿಯುವಾಗ ಎದುರಿನ ಸ್ಪೀಕರ್ ಕಣ್ಣಿಗೆ ಬಿತ್ತು, ಅದಕ್ಕೆ ಸಿಕ್ಕಿಸಿದ್ದ ಪೆನ್‌ಡ್ರೈವೂ.

ಎಲ್ಲ ಅದರಲ್ಲಿತ್ತು. ವರ್ಷವಿಡೀ, ಒಂದೂ ಬಿಡದೆ. ಗಂಡನಿಗೂ ಇಲ್ಲ, ಕಂಪ್ಯೂಟರ್ ಓದಿದವಳಿಗೂ ಇಲ್ಲ, ಹೊಟ್ಟೆಕಿಚ್ಚಿನವಳ ಹತ್ತಿರ ಮಾತ್ರ ಇತ್ತು. ಕೊಟ್ಟರೆ ನಾನು ಕಳ್ಳಿ ಎಂದು ತಿಳಿಯುತ್ತದೆ. ಇವರು ಮುಚ್ಚಿಟ್ಟದ್ದು ನನಗೆ ಗೊತ್ತಿದೆ ಎಂದೂ ತಿಳಿಯುತ್ತದೆ. ಎಲ್ಲಕ್ಕಿಂತ, ಆಕೆಯ "ಸಾರ್, ಸೂರಕ್ಕಿ" ಮತ್ತೆ ನನ್ನ ಮನೆಯೊಳಗೆ ಬರುತ್ತದೆ. ಪೆನ್‌ಡ್ರೈವ್ ಕಿತ್ತು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡೆ. ಪಾಯಸ ಇವರು ಮುಟ್ಟಲಿಲ್ಲ.

ಆಕೆ ನಾಚಿಕೆಯಿಂದ ಕೆರೆಗೆ ಬರುವುದನ್ನೇ ಬಿಟ್ಟಳು. ಇವರು ಒಬ್ಬರೇ ಹೊರಟರು. ನಾನೂ ಬರ್ತೀನಿ ಎಂದು ಚಪ್ಪಲಿ ಮೆಟ್ಟಿದೆ. ಇಡೀ ವರ್ಷ ಬಯಸಿದ್ದು ಸಿಕ್ಕಿತ್ತು. ಅಭ್ಯಾಸದಂತೆ ಎಡಕ್ಕೆ ನಡೆದೆ. ದಾರಿಯಲ್ಲಿ ಏನೇನೋ ಹೇಳಿದೆ, ಮಗಳು ಬರುವುದು, ನೀರಿನ ಟ್ಯಾಂಕರ್ ಬಾರದ್ದು. ಇವರು ನಕ್ಕರು, ತಲೆಯಾಡಿಸಿದರು. ಏನೂ ಕೇಳಿಸಿಲ್ಲ ಎಂದು ಈಗ ನನಗೆ ಗೊತ್ತಿತ್ತು.

ಕೆರೆಯ ಏರಿಯ ಮೇಲೆ ಹೊಂಗೆ ಮರದ ಕೆಳಗೆ ನಿಂತು ರೆಕಾರ್ಡರ್ ಹಿಡಿದರು. ಮರದ ಕಡೆ ನೋಡಲಿಲ್ಲ. ರೆಕಾರ್ಡರಿನ ಪುಟ್ಟ ಪರದೆಯನ್ನೇ ನೋಡುತ್ತಿದ್ದರು. ಸದ್ದು ಇದ್ದರೆ ಅದರಲ್ಲಿ ಗೆರೆಗಳು ಏಳುತ್ತವೆ. ಗೆರೆ ಎದ್ದರೆ ಹಕ್ಕಿ ಇದೆ ಎಂದು ಅರ್ಥ. ಗೆರೆ ಏಳುತ್ತಿದ್ದವು. ಇವರು ಕೈಯನ್ನು ಅತ್ತಿತ್ತ ತಿರುಗಿಸಿ, ಯಾವ ಕಡೆಯಿಂದ ಎಂದು ತಿಳಿಯದೆ, ಮರಕ್ಕೆ ಬೆನ್ನು ಮಾಡಿ ನಿಂತರು. ನಮ್ಮ ತಲೆಯ ಮೇಲೇ ಕೂಗುತ್ತಿತ್ತು ಅದು. ನನಗೆ ಅದರ ಪರಿಚಯ ಚೆನ್ನಾಗಿತ್ತು.

ಸುತ್ತಿ ಹೋಗಿ ಅವರ ಬಲಕ್ಕೆ ನಿಂತೆ. ಮದುವೆಯಾದ ಮೇಲೆ ಮೊದಲ ಸಲ.

"ಸೂರಕ್ಕಿ" ಎಂದೆ, ಮೆಲ್ಲಗೆ. "ಹಿಂದ್ಗಡೆ, ಮೇಲಿನ ಕೊಂಬೆ."

ಇವರು ತಿರುಗಿದರು. ಹಕ್ಕಿಯನ್ನಲ್ಲ, ನನ್ನನ್ನು ನೋಡಿದರು. ಆಮೇಲೆ, "ನಿನಗೆ ಯಾರು ಹೇಳಿದ್ರು?" ಎಂದರು. ಕೇಳಿದ್ದು ಹಕ್ಕಿಯ ವಿಷಯ ಅಲ್ಲ.

"ನೀವೇ ಹೇಳಿದ್ರಿ. ಅವರಿಗೆ" ಎಂದು ಸೆರಗಿನಿಂದ ಪೆನ್‌ಡ್ರೈವ್ ತೆಗೆದು ಅವರ ಅಂಗೈಯಲ್ಲಿಟ್ಟೆ. "ಎಲ್ಲಾ ಇದೆ ಇದರಲ್ಲಿ. ವಾರವಾರಾನೂ ಕದ್ದಿದೀನಿ. ಮೊದಲಿಗೆ ನನ್ನ ವಚನಗಳಿವೆ, ಅದನ್ನ ಅಳಿಸಬೇಡಿ."

ಬೈಯುತ್ತಾರೆಂದು ಕಾದೆ. ಇವರು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಎಲ್ಲಾ ಕೇಳಿದೀಯಾ?" ಎಂದರು.

"ಎಲ್ಲಾ."

"ಹಂಗಾದ್ರೆ ನಿನಗೆ ಹಕ್ಕಿ ಗುರುತು ಸಿಗತ್ತೆ" ಎಂದರು. ಅವರ ಕಣ್ಣು ತುಂಬಿತ್ತು. ನನ್ನದರ ವಿಷಯ ಬೇಡ.

ಅದೇ ಮಧ್ಯಾಹ್ನ ಮೂರನೇ ಮಹಡಿಗೆ ಹೋದೆವು. ಆಕೆಗೆ ನಾನೇ ಪೆನ್‌ಡ್ರೈವ್ ಕೊಟ್ಟೆ. ಇದು ಎಲ್ಲಿತ್ತು ಅಕ್ಕ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡಳು, ಅಷ್ಟೆ. ಒಳ್ಳೆಯವಳೇ ಇರಬೇಕು, ಅದೇ ನನಗೆ ಇನ್ನೂ ಕಷ್ಟ. ಎರಡು ಡಿಸ್ಕನ್ನೂ ಪಕ್ಕಪಕ್ಕ ಇಟ್ಟು, ಈ ಸಲ ಎರಡರಲ್ಲೂ ಒಂದೊಂದೇ ಫೋಲ್ಡರ್ ತೆರೆದು ತೋರಿಸಿದಳು. ವಿಭೂತಿಯನ್ನು ಒರೆಸಲು ಹೋದಳು. ಬೇಡ, ಇರಲಿ ಎಂದೆ.

ಕಂಪ್ಯೂಟರಿನ ಮುಂದೆ ಮೂರು ಕುರ್ಚಿ ಹಾಕಿದ್ದಳು. ಇವರು ನಡುವೆ ಕೂತರು. ನಾನು ತಡಮಾಡದೆ ಅವರ ಬಲಗಡೆಯ ಕುರ್ಚಿ ಹಿಡಿದೆ. ಆಕೆಗೆ ಉಳಿದದ್ದು ಎಡಗಡೆಯದು.

ದನಿಗಳು ಒಂದೊಂದಾಗಿ ಹೊಸ ಸಿಸ್ಟಮ್‌ಗೆ ಇಳಿಯುತ್ತಿದ್ದವು. ಆಕೆ ತೆರೆಯ ಮೇಲೆ ಕಣ್ಣಿಟ್ಟುಕೊಂಡೇ ಮೆಲ್ಲಗೆ, "ಸಾರ್, ನಾಳೆ ಬೆಳಿಗ್ಗೆ ಕೆರೆಗೆ ಹೋಗೋಣ್ವಾ?" ಎಂದಳು.

ಇವರಿಗೆ ಕೇಳಿಸಲಿಲ್ಲ. ಆಕೆಯ ತುಟಿ ಆಡಿದ್ದನ್ನು ಮಾತ್ರ ಕಂಡು, ನನ್ನ ಕಡೆ ಬಾಗಿ, "ಏನಂದ್ರು?" ಎಂದು ಕೇಳಿದರು.

"ಕಾಫಿ ಬೇಕಾ ಅಂತ ಕೇಳಿದ್ರು" ಎಂದೆ. "ಬೇಡ ಅಂತ ಹೇಳ್ತೀನಿ."